ಓದದೆ ಹಾಕಿದ ಸಹಿ

ನಂಜನಗೂಡು
೯-೨-೨೦೦೩, ಭಾನುವಾರ

ಗೋವಿಂದಮ್ಮನಿಗೆ,

ಮೈಸೂರಿನ ಆಸ್ಪತ್ರೆಯವರು ಕೊಟ್ಟ ಮಾತು, ಕೊಡದೆ ಉಳಿಸಿಕೊಂಡದ್ದು, ಕ್ರಮವಾಗಿ ಹೀಗಿದೆ:

೧. ಹತ್ತು ನಿಮಿಷದ ಕೆಲಸ ಎಂದರು. ಮಲಗಿಸಿದ ಮೇಲೆ ಹತ್ತೇ ನಿಮಿಷ, ನಿಜ. ಅದಕ್ಕೆ ಮುಂಚೆ ಗೋಡೆಗೆ ಒರಗಿಸಿ ನಿಲ್ಲಿಸಿದ್ದು ಮೂರು ಗಂಟೆ. ಕೂರಲು ಕುರ್ಚಿ ಇರಲಿಲ್ಲ.

೨. ಇರುವೆ ಕಚ್ಚಿದ ಹಾಗಿರುತ್ತದೆ ಎಂದರು. ಅದು ಯಾವ ಕಾಡಿನ ಇರುವೆಯೋ! ಹಿಂದಿನಿಂದ ಕೊಳವೆ ತೂರಿಸಿ, ಅದರೊಳಗಿಂದ ಸೂಜಿ ಹಾರಿಸಿದರು. ಪ್ರತಿ ಸಲವೂ ಮಕ್ಕಳ ಪಟಾಕಿ ಪಿಸ್ತೂಲಿನ ಹಾಗೆ ಟಪ್ಪೆಂದು ಸದ್ದು. ಎಣಿಸಿದೆ. ಎಂಟು ಸಲ.

೩. ನೋವು ತಿಳಿಯದ ಹಾಗೆ ಇಂಜೆಕ್ಷನ್ ಕೊಡುತ್ತೇವೆ ಎಂದರು. ಕೊಡಲಿಲ್ಲ. ಕೇಳಿದೆ. ‘ಇಷ್ಟಕ್ಕೆಲ್ಲ ಯಾಕ್ರೀ, ಗಂಡಸಲ್ವಾ ನೀವು?’ ಎಂದರು.

೪. ಮೂತ್ರದಲ್ಲಿ ಎರಡು ದಿನ ರಕ್ತ ಹೋಗಬಹುದು ಎಂದರು. ನಾಲ್ಕು ದಿನ ಹೋಯಿತು. ಹಿಂದಿನಿಂದಲೂ ಹೋಗುತ್ತದೆ ಎಂದು ಯಾರೂ ಹೇಳಿರಲಿಲ್ಲ.

೫. ಸಂಜೆಯವರೆಗೆ ಮಂಚ ಎಂದರು. ಅರ್ಧ ಗಂಟೆಗೆ ಎಬ್ಬಿಸಿ ಇನ್ನೊಬ್ಬನನ್ನು ಮಲಗಿಸಿದರು.

೬. ಮಾರನೆಯ ದಿನವೇ ಕೆಲಸಕ್ಕೆ ಹೋಗಬಹುದು ಎಂದರು. ಹೋದೆ. ಕೂರಲಾಗದೆ ಬಾಯ್ಲರ್ ಮುಂದೆ ಇಡೀ ಶಿಫ್ಟು ನಿಂತೇ ಕಳೆದೆ.

೭.

೮. ನನಗೆ ಏನಾಗಿದೆ ಎಂದು ಕೇಳಿದೆ. ‘ರಿಪೋರ್ಟ್ ಬರಲಿ’ ಎಂದರು. ಇಪ್ಪತ್ತೈದನೇ ತಾರೀಕು ಬಾ ಎಂದಿದ್ದಾರೆ.

ಫೋನಿನಲ್ಲಿ ನೀನು ಕೇಳಿದಾಗ ‘ಏನಿಲ್ಲ, ಸಣ್ಣ ಪರೀಕ್ಷೆ’ ಎಂದೆ. ಫ್ಯಾಕ್ಟರಿ ಗೇಟಿನ ಫೋನು, ಸೆಕ್ಯುರಿಟಿಯವನು ಮಗ್ಗುಲಲ್ಲೇ ನಿಂತಿದ್ದ. ಸಂಗತಿ ಇಷ್ಟು. ಮೂತ್ರಕೋಶದ ಕೆಳಗೆ ಗಂಡಸರಿಗೆ ಒಂದು ಗ್ರಂಥಿ ಇರುತ್ತದಂತೆ, ಪ್ರಾಸ್ಟೇಟ್ ಎಂದು ಹೆಸರು. ಅದು ಊದಿಕೊಂಡೇ ನನಗೆ ಗಳಿಗೆಗೊಂದು ಸಲ ಎದ್ದು ಹೋಗುವ ಹಾಗಾಗಿದ್ದು. ರಕ್ತ ಪರೀಕ್ಷೆಯಲ್ಲಿ ನಾಲ್ಕರೊಳಗೆ ಇರಬೇಕಾದ ಒಂದು ಅಂಕಿ ನನಗೆ ಹನ್ನೊಂದು ಬಂತು. ಕ್ಯಾನ್ಸರ್ ಇದೆಯೋ ಇಲ್ಲವೋ ನೋಡಲು ಆ ಗ್ರಂಥಿಯ ತುಣುಕುಗಳನ್ನು ಕಿತ್ತು ಕಳಿಸಿದ್ದಾರೆ.

ಜೊತೆಗೆ ಕ್ಯಾಂಟೀನಿನ ಮಾದು ಬಂದಿದ್ದ. ವಾಪಸು ಬರುವಾಗ ರೈಲಿನಲ್ಲಿ ಅರ್ಧ ಕುಂಡಿ ಊರಿ ಕೂತಿದ್ದ ನನ್ನನ್ನು ನೋಡಿ, ‘ಏನ್ ಚಾಮಣ್ಣೋ, ಪೋಲೀಸ್ನೋರು ಲಾಠಿ ತಕ್ಕಂಡು ಒಡುದಾಗ್ಲೂ ನೀನು ಇಂಗ್ ಕೂತಿರ್ನಿಲ್ವಲ್ಲ’ ಅಂದ. ನಕ್ಕೆ. ನಕ್ಕಿದ್ದಕ್ಕೂ ನೋವಾಯಿತು.

ಈ ಶನಿವಾರ ನೀನು ಬರಬೇಡ. ಮುಂದಿನ ಶನಿವಾರವೂ ಬೇಡ. ಶಿಫ್ಟು ಹಿಂದುಮುಂದಾಗಿದೆ.

ನಿನ್ನ
ಚಾಮಯ್ಯ


ತಿ. ನರಸೀಪುರ
೧೬-೨-೨೦೦೩, ಭಾನುವಾರ

ಚಾಮಯ್ಯನಿಗೆ,

ನಿನ್ನ ಪಟ್ಟಿ ತಲುಪಿತು. ತಹಶೀಲ್ದಾರರಿಗೆ ಕೊಡುವ ಮನವಿಯ ಹಾಗಿದೆ. ಹೆಂಡತಿಗೆ ಬರೆದದ್ದು ಅನ್ನಿಸಲಿಲ್ಲ. ಓದಿ ಹೊಟ್ಟೆ ಉರಿಯಿತು. ‘ಗಂಡಸಲ್ವಾ’ ಅಂದವನ ಹೆಸರು ಕೇಳಿಕೊಂಡು ಬರಬೇಕಾಗಿತ್ತು ನೀನು. ಬೇರೆಯವರಿಗಾಗಿದ್ದರೆ ನೀನು ಅಲ್ಲೇ ಧರಣಿ ಕೂರುತ್ತಿದ್ದೆ. ನಿನಗಾದಾಗ ಕೂರಲೂ ಆಗದ ಹಾಗೆ ಮಾಡಿ ಕಳಿಸಿದ್ದಾರೆ.

ನಾನು ಜೊತೆಗಿರಲಿಲ್ಲ ಎಂಬ ಸಂಕಟ ಬೇರೆ. ಆವತ್ತೇ ಹಾಸ್ಟೆಲ್ಲಿಗೆ ತಪಾಸಣೆಯವರು ಬಂದಿದ್ದರು. ಅರವತ್ತೆರಡು ಹೆಣ್ಣುಮಕ್ಕಳ ವಾರ್ಡನ್ ಗಂಡನ ಸಣ್ಣ ಪರೀಕ್ಷೆಗೆ ರಜೆ ಕೇಳಿದರೆ ಕೊಡುತ್ತಿದ್ದರೋ ಇಲ್ಲವೋ. ಕ್ಯಾನ್ಸರ್ ಎಂಬ ಪದ ನೀನು ಮೊದಲೇ ಹೇಳಿದ್ದರೆ ನಾನು ಕೇಳುತ್ತಲೂ ಇರಲಿಲ್ಲ, ಬೀಗದ ಕೈ ಎಸೆದು ಬರುತ್ತಿದ್ದೆ.

ಎರಡು ಪ್ರಶ್ನೆ.

ಏಳನೇ ನಂಬರ್ ಹಾಕಿ ಏನೂ ಬರೆದಿಲ್ಲ. ಮರೆತೆಯಾ? ನೀನು ಮರೆಯುವವನಲ್ಲ. ಏಳು ಅಂತ ಬರೆದು, ಪೆನ್ನು ಎತ್ತಿ, ಎಂಟಕ್ಕೆ ಹೋಗಿದ್ದೀಯ.

ಎರಡನೆಯದು, ನಮ್ಮ ಪದ್ಧತಿ. ನಮ್ಮ ದಲಿತ ಸಂಘದ ಸುತ್ತೋಲೆಗಳ ಕೆಳಗೆ ಹಾಕುವ ಹಾಗೆ ಸಹಿ ಕೆಳಗೆ ‘ಮುಂದಿನ ಸಭೆ: ಶನಿವಾರ ಸಂಜೆ ಆರು ಗಂಟೆ, ನಮ್ಮ ಮನೆ’ ಎಂದು ಬರೆಯುತ್ತಿದ್ದವನು ನೀನು. ನನಗೆ ಈ ಊರಿಗೆ ವರ್ಗವಾಗಿ ಒಂಬತ್ತು ವರ್ಷ, ಒಂದು ಕಾಗದದಲ್ಲೂ ಬಿಟ್ಟಿರಲಿಲ್ಲ. ಪೋಸ್ಟ್‌ಮ್ಯಾನ್ ನಂಜುಂಡಸ್ವಾಮಿ ಕಾರ್ಡಿನ ಮೇಲೆ ಅದನ್ನು ಓದಿ ನಮ್ಮನ್ನು ಭಾರೀ ಪದಾಧಿಕಾರಿಗಳು ಅಂದುಕೊಂಡಿದ್ದಾನೆ. ಈ ಸಲ ಆ ಸಾಲಿಲ್ಲ.

ಸಭೆ ರದ್ದಾದರೆ ಕಾರಣ ಕೊಡಬೇಕು ಎಂದು ನೀನೇ ಎಲ್ಲರಿಗೂ ಪಾಠ ಹೇಳುತ್ತಿದ್ದೆ. ಶಿಫ್ಟು ಕಾರಣವಲ್ಲ. ನಿನ್ನ ಶಿಫ್ಟು ನನಗೆ ಗೊತ್ತು.

ಗೋವಿಂದಮ್ಮ


ತಿ. ನರಸೀಪುರ
೪-೩-೨೦೦೩, ಮಂಗಳವಾರ

ಚಾಮಯ್ಯನಿಗೆ,

ನನ್ನ ಕಾಗದಕ್ಕೆ ನೀನು ಉತ್ತರ ಬರೆಯಲಿಲ್ಲ. ಅದಕ್ಕೇ ಶನಿವಾರ ಹೇಳದೆ ಬಂದದ್ದು. ಶಿವರಾತ್ರಿ, ಹೇಗೂ ರಜೆ. ಬಾಗಿಲು ತೆರೆದ ನಿನ್ನ ಮುಖ ಹೇಗಿತ್ತು ಗೊತ್ತಾ? ಜಪ್ತಿಗೆ ಬಂದವರನ್ನು ನೋಡಿದ ಹಾಗಿತ್ತು.

ನೀನು ಊಟ ಚೆನ್ನಾಗಿ ಮಾಡಿದೆ. ರಿಪೋರ್ಟ್ ಏನು ಬಂತು ಎಂದರೆ ‘ಏನೂ ಇಲ್ಲ ಅಂದ್ರು’ ಅಂದೆ. ಆಮೇಲೆ ಚಾಪೆ ಎತ್ತಿಕೊಂಡು ಜಗಲಿಗೆ ಹೋದೆ. ‘ಸೆಕೆ’ ಅಂದೆ. ಮಾರ್ಚ್ ಒಂದನೇ ತಾರೀಕಿಗೆ ಯಾವ ಸೆಕೆ? ನಾನು ಹತ್ತಿರ ಬಂದು ಹೆಗಲು ಮುಟ್ಟಿದರೆ ಬೆಂಕಿ ತಾಗಿದವನ ಹಾಗೆ ಜರುಗಿದೆ. ಇಪ್ಪತ್ತನಾಲ್ಕು ವರ್ಷ ಸಂಸಾರ ಮಾಡಿದ ಹೆಂಗಸು ನಾನು. ನನ್ನ ಕೈಯನ್ನೇ ನಾನು ನೋಡಿಕೊಂಡು ಕೂತೆ.

ಬಚ್ಚಲಲ್ಲಿ ಬಕೆಟ್ಟಿನೊಳಗೆ ನಿನ್ನ ಪಂಚೆ ನೆನೆದಿತ್ತು. ಒಗೆಯಲು ತೆಗೆದರೆ ನೀನು ಓಡಿ ಬಂದು ಕಿತ್ತುಕೊಂಡೆ. ಕಂದು ಕಲೆ ನಾನು ನೋಡಿದ್ದಾಯಿತು.

ನಮ್ಮ ಮದುವೆಯಲ್ಲಿ ಪುರೋಹಿತ ಇರಲಿಲ್ಲ, ತಾಳಿ ಇರಲಿಲ್ಲ. ಮೂಗೂರಿನ ಶಾಲೆ ಬಯಲಿನಲ್ಲಿ ಸಂಘದವರ ಮುಂದೆ ಇಬ್ಬರೂ ಒಂದು ಪ್ರತಿಜ್ಞೆ ಓದಿದೆವು. ಬರೆದವನು ನೀನು. ಒಬ್ಬರನ್ನೊಬ್ಬರು ನೀನು ಎಂದೇ ಕರೆಯುತ್ತೇವೆ, ಒಬ್ಬರಿಂದ ಒಬ್ಬರು ಏನನ್ನೂ ಮುಚ್ಚಿಡುವುದಿಲ್ಲ ಎಂದು ಮೈಕಿನಲ್ಲಿ ಹೇಳಿದವನೂ ನೀನು. ನಿಮ್ಮವ್ವ ‘ಗಂಡನ್ನ ನೀನು ಅಂತಾಳಲ್ಲಪ್ಪ ಇವಳು’ ಅಂತ ಸಾಯುವವರೆಗೂ ಗೊಣಗಿದರು. ಆ ಮಾತಿಗೆ ನಾನು ಅಷ್ಟು ಬೆಲೆ ಕೊಟ್ಟಿದ್ದೇನೆ.

ಯಾವಳಾದರೂ ಇದ್ದರೆ ಹೇಳು. ಕಾಯಿಲೆಯಾದರೂ ಹೇಳು. ಎರಡರಲ್ಲಿ ಯಾವುದು ಎಂದು ತಿಳಿಯದೆ ಬಸ್ಸಿನಲ್ಲಿ ಕಿಟಕಿ ಕಡೆ ಮುಖ ತಿರುಗಿಸಿಕೊಂಡು ಅತ್ತುಕೊಂಡು ಬಂದೆ. ನನಗೆ ಅಳುವುದು ಅಭ್ಯಾಸವಿಲ್ಲ.

ಗೋವಿಂದಮ್ಮ


ನಂಜನಗೂಡು
೯-೩-೨೦೦೩, ಭಾನುವಾರ

ಗೋವಿಂದೂ,

ಯಾವಳೂ ಇಲ್ಲ. ಇದ್ದರೂ ಈಗ ಏನು ಮಾಡಲೂ ನನ್ನಿಂದ ಆಗದು. ಅದೇ ಏಳನೇ ನಂಬರು.

ಬರೆದುಬಿಡುತ್ತೇನೆ. ಪರೀಕ್ಷೆಯಾದ ಐದನೆಯ ದಿನ, ನಿನಗೆ ಆ ಪಟ್ಟಿ ಬರೆದ ಬೆಳಿಗ್ಗೆಯೇ, ನನ್ನನ್ನು ನಾನು ಪರೀಕ್ಷೆ ಮಾಡಿಕೊಂಡೆ. ಬಾಯ್ಲರಿನ ವಾಲ್ವ್ ಬಿಚ್ಚಿ ಜೋಡಿಸಿದ ಮೇಲೆ ಒಂದು ಸಲ ಉಗಿ ಬಿಟ್ಟು ನೋಡುತ್ತೇವಲ್ಲ, ಹಾಗೆ. ಬಚ್ಚಲಲ್ಲಿ. ಬಂದದ್ದು ರಕ್ತ. ಕೈ ತುಂಬ ಕೆಂಪು. ಗೋಡೆ ಹಿಡಿದುಕೊಂಡು ನಿಂತೆ. ಮೂತ್ರದಲ್ಲಿ ನಿಂತ ರಕ್ತ ಅಲ್ಲಿ ಬಂದಿತ್ತು. ಸರಿಯಾಗಿ ಆದದ್ದು ಅದೇ ಕೊನೆ. ಆಮೇಲೆ ಎರಡು ಸಲ ನೋಡಿದೆ. ಒಂದು ಸಲ ಅರೆಬರೆಯಲ್ಲೇ ಹುಣಸೆಹಣ್ಣು ಕಿವುಚಿದ ನೀರಿನ ಹಾಗೆ ಸೋರಿತು, ಅದೇ ಪಂಚೆಯ ಕಲೆ. ಇನ್ನೊಂದು ಸಲ ಏನೂ ಇಲ್ಲ. ಸತ್ತ ಹಾಗೆ ಬಿದ್ದುಕೊಂಡಿದೆ.

ನಿನ್ನ ಕೈ ತಾಗಿದಾಗ ಜರುಗಿದ್ದು ಯಾಕೆ ಕೇಳು. ಆ ರಕ್ತದಲ್ಲಿ ಕ್ಯಾನ್ಸರ್ ಇದ್ದು ನಿನಗೆ ಅಂಟಿದರೆ? ಅದು ಒಂದು. ನೀನು ಹತ್ತಿರ ಬಂದು, ನನ್ನಲ್ಲಿ ಏನೂ ಆಗದೆ, ನೀನು ಅದನ್ನು ನೋಡಿದರೆ? ಅದು ಇನ್ನೊಂದು. ಮೊದಲನೆಯದಕ್ಕಿಂತ ಎರಡನೆಯದೇ ನನ್ನನ್ನು ಜಗಲಿಗೆ ಅಟ್ಟಿದ್ದು. ಸತ್ಯ ಬರೆಯಲು ಹೊರಟ ಮೇಲೆ ಪೂರ್ತಿ ಬರೆಯಬೇಕು.

ರಿಪೋರ್ಟಿನ ವಿಷಯದಲ್ಲೂ ನಾನು ಹೇಳಿದ್ದು ಸುಳ್ಳು. ಇಪ್ಪತ್ತೈದಕ್ಕೆ ಹೋಗಿದ್ದೆ. ಎಂಟು ತುಣುಕಿನಲ್ಲಿ ಏಳು ಸರಿ ಇವೆ. ಒಂದರಲ್ಲಿ ಕ್ಯಾನ್ಸರ್ ಅಲ್ಲ, ಆದರೆ ಸರಿಯೂ ಇಲ್ಲ. ಅನುಮಾನ. ಮೊದಲ ಪರೀಕ್ಷೆಯಿಂದ ಮೂರು ತಿಂಗಳು ಬಿಟ್ಟು ಮೇ ಆರಕ್ಕೆ ಮತ್ತೆ ಅದೇ ಪರೀಕ್ಷೆ, ಈ ಸಲ ಇನ್ನೂ ಹೆಚ್ಚು ಸೂಜಿ.

ಡಾಕ್ಟರನ್ನು ಕೇಳೋಣ ಎಂದೇ ಹೋಗಿದ್ದೆ. ಮೇಜಿನ ಸುತ್ತ ಕಲಿಯುವ ಡಾಕ್ಟರುಗಳು ಏಳೆಂಟು ಜನ, ಅದರಲ್ಲಿ ನಮ್ಮ ಮಗಳು ರಂಜಿನಿಯ ವಯಸ್ಸಿನ ಹೆಣ್ಣುಮಕ್ಕಳು ಮೂವರು.

‘ಇನ್ನೇನಾದ್ರೂ ಕೇಳೋದಿದ್ಯಾ?’ ಎಂದರು.

‘ಒಂದು ವಿಷಯ ಇತ್ತು ಸಾ...’

‘ಬೇಗ ಹೇಳಿ.’

‘ಊಟದಲ್ಲಿ ಪಥ್ಯ ಏನಾರ ಮಾಡ್ಬೇಕಾ ಸಾ?’

ಕಲೆಕ್ಟರ್ ಕಚೇರಿಯ ಮೆಟ್ಟಿಲ ಮೇಲೆ ನಿಂತು ಮಂತ್ರಿಯ ಕಾರು ತಡೆದ ಬಾಯಿ ಇದು. ಪಥ್ಯ ಕೇಳಿತು. ‘ಖಾರ ಕಮ್ಮಿ ಮಾಡಿ’ ಎಂದರು. ಕೈ ಮುಗಿದು ಬಂದೆ.

ಮತ್ತೆ ನಾನು ಹೋಗುವುದಿಲ್ಲ. ಎಂಟು ಸೂಜಿಗೆ ಇಷ್ಟಾಯಿತು. ಇನ್ನೊಂದು ಸಲ ಚುಚ್ಚಿಸಿಕೊಂಡು ಉಳಿದದ್ದನ್ನೂ ಕಳೆದುಕೊಳ್ಳಲಾರೆ. ಅನುಮಾನ ಅನುಮಾನವಾಗಿಯೇ ಇರಲಿ. ಇದರ ಮೇಲೆ ಚರ್ಚೆ ಬೇಡ.

ಚಾಮಯ್ಯ


ತಿ. ನರಸೀಪುರ
೧೬-೩-೨೦೦೩, ಭಾನುವಾರ

ಚಾಮಾ,

ಚರ್ಚೆ ಬೇಡ ಎನ್ನುವ ಅಧ್ಯಕ್ಷರ ವಿರುದ್ಧ ನಾವಿಬ್ಬರೂ ಎಷ್ಟು ಸಭೆಗಳಲ್ಲಿ ಎದ್ದು ನಿಂತಿದ್ದೇವೆ, ನೆನಪಿದೆಯಾ?

ನಿನ್ನ ಕಾಗದ ಓದಿ ಮೊದಲು ಸಮಾಧಾನವಾಯಿತು. ಇದೇನು ಹೆಂಗಸು ಅಂದುಕೋ. ಯಾವಳೂ ಇಲ್ಲ ಎಂದು ಸಮಾಧಾನ. ಆಮೇಲೆ ನಾಚಿಕೆಯಾಯಿತು. ಆಮೇಲೆ ಹೆದರಿಕೆ, ಅದು ಇನ್ನೂ ಹೋಗಿಲ್ಲ.

ಯಾರನ್ನು ಕೇಳಲಿ? ಮಕ್ಕಳಿಗೆ ಕಬ್ಬಿಣದ ಮಾತ್ರೆ ಕೊಡಲು ನರ್ಸ್ ಸಣ್ಣತಾಯಮ್ಮ ಬಂದಿದ್ದಳು. ಉಗ್ರಾಣಕ್ಕೆ ಕರೆದುಕೊಂಡು ಹೋಗಿ, ಅಕ್ಕಿ ಮೂಟೆಯ ಮೇಲೆ ಕೂರಿಸಿ, ನಮ್ಮ ಕಡೆಯವರೊಬ್ಬರಿಗೆ ಹೀಗಾಗಿದೆ ಎಂದೆ. ಅವಳು ನನ್ನ ಮುಖವನ್ನೇ ನೋಡಿದಳು.

‘ಯಾರಿಗೆ ಅಂತ ಕೇಳಾಕಿಲ್ಲ ಬುಡಕ್ಕ. ಅದು ಅಂಟೋ ಕಾಯ್ಲೆ ಅಲ್ಲ, ಅಷ್ಟು ಗ್ಯಾರಂಟಿ.’

‘ರಕ್ತ ಬರೋದು?’

‘ಚುಚ್ಚಿದ್ ಜಾಗ ಗಾಯ ಆಗದೆ ಇದ್ದದಾ? ನಿಲ್ತದೆ ಅಂತ ಕಾಣ್ತದೆ.’

‘ಇನ್ನೊಂದು?’

‘ಅದು ನಂಗೊತ್ತಿಲ್ಲ ಕಣಕ್ಕ. ಎಂಗಸ್ರ ಒಟ್ಟೆ ಬಗ್ಗೆ ಒಂದೂವರೆ ವರ್ಷ ಯೋಳ್ಕೊಟ್ರು. ಗಂಡಸ್ರ ಬಗ್ಗೆ ಒಂದು ಗಂಟೆ. ಅದೂವೆ ಆಪರೇಷನ್ ಮಾಡ್ಸಿ ಅಂತ ಯೋಳಕ್ಕೆ. ಚುಚ್ಚಿದೋರ್ನೇ ಕೇಳ್ಬೇಕು.’

ಚುಚ್ಚಿದವರನ್ನೇ ಕೇಳಬೇಕು. ಬಾಯಲ್ಲಿ ಆಗದಿದ್ದರೆ ಬರೆದು ಕೇಳು. ಪಿಂಚಣಿಗೆ, ಸ್ಮಶಾನಕ್ಕೆ, ಬೋರ್‌ವೆಲ್ಲಿಗೆ ಊರೂರಿನವರಿಗೆಲ್ಲ ಅರ್ಜಿ ಬರೆದುಕೊಟ್ಟ ಕೈ ನಿನ್ನದು. ನಿನಗಾಗಿ ಒಂದು ಬರೆದುಕೊಳ್ಳಲು ಆಗುವುದಿಲ್ಲವಾ?

ಬರಬೇಕು ಅನ್ನಿಸುತ್ತಿದೆ. ಹತ್ತನೇ ತರಗತಿ ಪರೀಕ್ಷೆ ಮುಗಿಯುವವರೆಗೆ ಹಾಸ್ಟೆಲ್ ಬಿಡುವ ಹಾಗಿಲ್ಲ. ಆಮೇಲೂ ಕರೆಯದೆ ಬರುವುದಿಲ್ಲ. ಕರೆಯದೆ ಬಂದು ಒಂದು ಸಲ ನೋಡಿದೆ.

ಗೋವಿಂದಮ್ಮ


ನಂಜನಗೂಡು
೩೦-೩-೨೦೦೩, ಭಾನುವಾರ

ಗೋವಿಂದೂ,

ಅರ್ಜಿ ಬರೆದೆ. ‘ಪರೀಕ್ಷೆಗೆ ಮುಂಚೆ ಅದರ ಎಲ್ಲ ಪರಿಣಾಮಗಳನ್ನು ರೋಗಿಗೆ ತಿಳಿಸದೆ ಇದ್ದದ್ದು ಅನ್ಯಾಯ, ಇದಕ್ಕೆ ಉತ್ತರ ಕೊಡಬೇಕು’ ಎಂದು ಎರಡು ಪುಟ. ಕೈ ಪಳಗಿದ್ದಲ್ಲವೇ, ಬೆಂಕಿಯಂತೆ ಬಂತು. ನಾನೇ ಹೋಗಿ ಕೊಟ್ಟೆ. ರೆಕಾರ್ಡ್ ರೂಮಿನವನು ಓದಿ ನಕ್ಕು, ಒಳಗೆ ಹೋಗಿ ಒಂದು ಹಾಳೆ ಜೆರಾಕ್ಸ್ ಮಾಡಿಸಿ ತಂದುಕೊಟ್ಟ.

‘ಎಲ್ಲಾ ತಿಳ್ಸಿದೀವಲ್ಲ ಸಾರ್. ಇದು ನಿಮ್ ಸೈನ್ ತಾನೇ?’

ನನ್ನದೇ.

ಆವತ್ತಿನ ಬೆಳಿಗ್ಗೆ ಇಡೀ ಕಣ್ಣ ಮುಂದೆ ಬಂತು. ಸಾಲಿನಲ್ಲಿ ನನ್ನ ಮುಂದೆ ಇದ್ದ ಮುದುಕ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಗೋಡೆಗೆ ಒರೆಸಿದ. ಗುಮಾಸ್ತೆ ನನಗೂ ಮಸಿಡಬ್ಬಿ ತಳ್ಳಿದಳು. ನನಗೆ ಸಿಟ್ಟು ಬಂತು. ‘ಬೇಡ, ನಂಗೆ ಸೈನ್ ಬತ್ತದೆ’ ಎಂದು ಜೇಬಿನಿಂದ ನನ್ನದೇ ಪೆನ್ನು ತೆಗೆದು, ಎಲ್ಲರೂ ನೋಡಲಿ ಎಂದು ನಿಧಾನವಾಗಿ, ಬಿ. ಚಾಮಯ್ಯ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದೆ. ಮೇಲೆ ಏನಿದೆ ಎಂದು ನೋಡಲಿಲ್ಲ. ಇಂಗ್ಲಿಷಿನಲ್ಲಿತ್ತು. ಓದಿಹೇಳಿ ಎಂದು ಕೇಳಿದರೆ ಮಸಿಡಬ್ಬಿ ತಳ್ಳಿದವಳ ಮುಂದೆ ಸಣ್ಣವನಾಗುತ್ತೇನೆ ಅನ್ನಿಸಿತು.

ನಮ್ಮಪ್ಪ ಬೆಟ್ಟಯ್ಯ ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿ ಇದ್ದ ಒಂದೆಕರೆ ಕಳೆದುಕೊಂಡ. ಆ ಹೊಟ್ಟೆಯುರಿಗೇ ನಾವಿಬ್ಬರೂ ಮೂಗೂರಿನ ಕೇರಿಯಲ್ಲಿ ಸಹಿ ಶಾಲೆ ತೆರೆದದ್ದು. ಮುನ್ನೂರು ಜನಕ್ಕೆ ಸಹಿ ಕಲಿಸಿದೆವು. ಮೊದಲ ದಿನದ ಪಾಠ ನೀನೇ ಹಲಗೆಯ ಮೇಲೆ ಬರೆಯುತ್ತಿದ್ದೆ: ಓದಿ ಸಹಿ ಹಾಕು. ಓದಲು ಬಾರದಿದ್ದರೆ ಓದಿಸಿ ಸಹಿ ಹಾಕು. ತಿಳಿಯದಿದ್ದರೆ ಹಾಕಬೇಡ.

ಅಪ್ಪನಿಗೆ ಓದು ಬರುತ್ತಿರಲಿಲ್ಲ. ನನಗೇನಾಗಿತ್ತು?

ಹಾಳೆ ಕಳಿಸಿದ್ದೇನೆ. ಬ್ಲಡ್ ಎಂಬ ಪದ ನಾಲ್ಕು ಕಡೆ ಇದೆ, ಅಷ್ಟು ನನಗೂ ಗೊತ್ತಾಗುತ್ತದೆ. ಉಳಿದದ್ದು ದೊಡ್ಡ ದೊಡ್ಡ ಪದ. ಇಲ್ಲಿ ಯಾರಿಗೂ ತೋರಿಸಲಾರೆ. ಏಪ್ರಿಲ್ ಹದಿನಾಲ್ಕರ ಜಯಂತಿ ಸಭೆಯಲ್ಲಿ ನಾನೇ ಮುಖ್ಯ ಭಾಷಣ ಮಾಡಬೇಕೆಂದು ಸಂಘದ ಹುಡುಗ ಸಿದ್ಧಾರ್ಥ ಬಂದು ಹೇಳಿ ಹೋಗಿದ್ದಾನೆ. ಯಾವ ಬಾಯಲ್ಲಿ ಮಾಡಲಿ?

ಚಾಮಯ್ಯ


ತಿ. ನರಸೀಪುರ
೬-೪-೨೦೦೩, ಭಾನುವಾರ

ಚಾಮಾ,

ಹನ್ನೊಂದು ಸಾಲು. ಹಾಸ್ಟೆಲ್ಲಿನ ಡಿಕ್ಷನರಿ ಇಟ್ಟುಕೊಂಡು ಎರಡು ಮಧ್ಯಾಹ್ನ ಕೂತೆ. ಅದಕ್ಕೆ ರಟ್ಟಿಲ್ಲ, ಎ ಅಕ್ಷರದ ಅರ್ಧ ಇಲಿ ತಿಂದಿದೆ. ಒಂಬತ್ತನೇ ತರಗತಿಯ ಪವಿತ್ರ ಇಣುಕಿ ನೋಡಿ, ‘ಮೇಡಂ, ಯಾವ್ ವರ್ಡು? ನಾನ್ ಹುಡುಕ್ಕೊಡ್ಲಾ?’ ಅಂದಳು. ನಾನು ಪುಸ್ತಕದ ಮೇಲೆ ಸೆರಗು ಎಳೆದೆ. ‘ನಿನ್ ಪರೀಕ್ಷೆ ನೀನು ಓದ್ಕೊ ಹೋಗವ್ವ’ ಅಂದೆ. ‘ನಿಮ್ದ್ಯಾವ್ ಪರೀಕ್ಷೆ ಮೇಡಂ?’ ಅಂತ ನಗುತ್ತಾ ಓಡಿದಳು.

ಆರನೇ ಸಾಲು: ವೀರ್ಯದಲ್ಲಿ ರಕ್ತ ಕಾಣಬಹುದು, ಕೆಂಪಗೆ ಅಥವಾ ಕಂದು, ಕೆಲವು ವಾರ, ಒಮ್ಮೊಮ್ಮೆ ತಿಂಗಳುಗಟ್ಟಲೆ, ಅಪಾಯವಿಲ್ಲ.

ಎಂಟನೇ ಸಾಲು: ಕೆಲವರಲ್ಲಿ ನಿಮಿರುವುದಕ್ಕೆ ತೊಂದರೆಯಾಗಬಹುದು, ಸಾಮಾನ್ಯವಾಗಿ ತಾತ್ಕಾಲಿಕ.

ಅಷ್ಟೇ ಕಣೋ. ಎರಡು ಸಾಲು. ಕನ್ನಡದಲ್ಲಿ ಹೇಳಲು ಒಂದು ನಿಮಿಷ ಸಾಕು. ಆ ಒಂದು ನಿಮಿಷ ಕೊಟ್ಟಿದ್ದರೆ ನೀನು ಬಚ್ಚಲ ಗೋಡೆ ಹಿಡಿದು ನಿಲ್ಲುತ್ತಿರಲಿಲ್ಲ. ನಾನು ಬಸ್ಸಿನಲ್ಲಿ ಅಳುತ್ತಿರಲಿಲ್ಲ.

ಹಾಳೆ ವಾಪಸು ಇದರೊಳಗೇ ಇಟ್ಟಿದ್ದೇನೆ, ಈಗ ಹನ್ನೊಂದನೇ ಸಾಲು ಓದು. ಸರಿಯಾಗಿ ನಿನ್ನ ಸಹಿಯ ನೆತ್ತಿಯ ಮೇಲಿದೆ. ಮೂರು ಸಲ ಹುಡುಕಿ ಖಾತ್ರಿ ಮಾಡಿಕೊಂಡು ಬರೆಯುತ್ತಿದ್ದೇನೆ: ‘ಮೇಲಿನ ಎಲ್ಲವನ್ನೂ ನನಗೆ ತಿಳಿಯುವ ಭಾಷೆಯಲ್ಲಿ ವಿವರಿಸಿದ್ದಾರೆ.’

ನನಗೆ ತಿಳಿಯುವ ಭಾಷೆಯಲ್ಲಿ! ಅದನ್ನೂ ಇಂಗ್ಲಿಷಿನಲ್ಲೇ ಬರೆದು, ಅದರ ಕೆಳಗೆ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಾರೆ. ನಿನ್ನ ಮುಂದಿದ್ದ ಆ ಮುದುಕನೂ ಹಾಗೆಂದು ಸಾಕ್ಷಿ ಹೇಳಿದ್ದಾನೆ, ಪಾಪ, ಗೋಡೆಗೆ ಮಸಿ ಒರೆಸಿಕೊಂಡು. ನಮ್ಮ ಜನರ ಬಾಯಿಂದ ಏನನ್ನೂ ಕೇಳಿಸಿಕೊಳ್ಳದವರು ನಮ್ಮ ಬೆರಳಿಂದ ಬೇಕಾದ್ದನ್ನು ಹೇಳಿಸಿಕೊಳ್ಳುತ್ತಾರೆ. ಸುಳ್ಳು ಅವರದು. ಸಹಿ ನಿನ್ನದು. ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡಬೇಡ.

ನನ್ನದೂ ಒಂದಿದೆ. ಎರಡು ವರ್ಷದ ಹಿಂದೆ ನನಗೆ ಮುಟ್ಟು ನಿಂತಿತು. ನಿನಗೆ ಹೇಳಿದ್ದು ಏಳು ತಿಂಗಳಾದ ಮೇಲೆ. ಆ ಏಳು ತಿಂಗಳು ನೀನು ಹತ್ತಿರ ಬಂದಾಗಲೆಲ್ಲ ತಲೆನೋವು, ಸುಸ್ತು ಅಂದೆ. ನೋವಾಗುತ್ತಿತ್ತು. ಹೇಳಿದರೆ ಮುದುಕಿ ಅಂದುಕೊಳ್ಳುತ್ತಾನೆ ಎಂದು ಹೇಳಲಿಲ್ಲ. ನೀನು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ. ಅದು ಮರ್ಯಾದೆಯೋ ಗೊತ್ತಾಗದಿದ್ದದ್ದೋ ನನಗೆ ಇವತ್ತಿಗೂ ತಿಳಿಯದು. ಪ್ರತಿಜ್ಞೆ ಮುರಿದವಳು ಮೊದಲು ನಾನೇ.

ತಾತ್ಕಾಲಿಕ ಎಂದಿದೆ. ಸಾಮಾನ್ಯವಾಗಿ ಎಂದೂ ಇದೆ. ನೀನು ಆ ಸಾಮಾನ್ಯದೊಳಗೆ ಇದ್ದೀಯೋ ಇಲ್ಲವೋ ಡಿಕ್ಷನರಿಯಲ್ಲಿ ಇಲ್ಲ. ನನಗೆ ಅದಕ್ಕಿಂತ ಆ ಎಂಟನೇ ತುಣುಕು ಬೇಕು. ಅದರಲ್ಲಿ ಏನಿದೆ ತಿಳಿಯಬೇಕು. ನೀನು ಮೇ ಆರಕ್ಕೆ ಹೋಗಬೇಕು ಚಾಮಾ. ಇದನ್ನು ಸಭೆಯ ನಿರ್ಣಯ ಅಂದುಕೊಳ್ಳಬೇಡ, ಬೇಡಿಕೆಯೂ ಅಲ್ಲ. ಕಾಲಿಗೆ ಬೀಳುವುದು ಅನ್ನುತ್ತಾರಲ್ಲ, ನಾವಿಬ್ಬರೂ ಯಾರಿಗೂ ಬೀಳದೆ ಬದುಕಿದವರು, ಅದು.

ಗೋವಿಂದಮ್ಮ


ನಂಜನಗೂಡು
೨೦-೪-೨೦೦೩, ಭಾನುವಾರ

ಗೋವಿಂದೂ,

ಎರಡು ವಾರ ನಿನ್ನ ಕಾಗದ ಜೇಬಿನಲ್ಲೇ ಇತ್ತು. ಬೆವರಿಗೆ ಮಡಿಕೆ ಹರಿದಿದೆ.

ನೋವಾಗುತ್ತಿತ್ತು ಎಂಬುದು ನನಗೆ ಗೊತ್ತಿರಲಿಲ್ಲ. ಮರ್ಯಾದೆಯಲ್ಲ, ಗೊತ್ತಾಗದಿದ್ದದ್ದೇ. ತಲೆನೋವು ಅಂದರೆ ನಂಬಿ ಅಮೃತಾಂಜನ ತಂದುಕೊಟ್ಟೆ. ನಮ್ಮ ಮನೆಯಲ್ಲಿ ಇನ್ನೂ ಮೂರು ಡಬ್ಬಿ ಇವೆ.

ಹದಿನಾಲ್ಕನೇ ತಾರೀಕು ಸಭೆಗೆ ಹೋದೆ. ಆ ಹನ್ನೊಂದನೇ ಸಾಲನ್ನು ಮೈಕಿನಲ್ಲಿ ಓದಬೇಕು, ನಾನು ಓದದೆ ಸಹಿ ಹಾಕಿದೆ ಎಂದು ಎಲ್ಲರ ಮುಂದೆ ಒಪ್ಪಿಕೊಳ್ಳಬೇಕು, ನೀವು ಹಾಕಬೇಡಿ ಎನ್ನಬೇಕು. ಹಾಗೆಂದು ತೀರ್ಮಾನ ಮಾಡಿಕೊಂಡೇ ಹೋದದ್ದು. ಹಾಳೆ ತೆಗೆದೆ. ಮುಂದಿನ ಸಾಲಿನಲ್ಲಿ ನಮ್ಮ ಸಹಿ ಶಾಲೆಯ ಹೆಂಗಸರು ಕೂತಿದ್ದರು. ಯಾವ ಪರೀಕ್ಷೆ ಅಣ್ಣ, ಏನಾಯ್ತು ಎಂದು ಕೇಳಿದರೆ? ನೀರು ಕೇಳಿದೆ. ಕುಡಿದೆ. ಕೂತೆ. ‘ಚಾಮಣ್ಣನವರಿಗೆ ಗಂಟಲು ಸರಿ ಇಲ್ಲ’ ಎಂದು ಸಿದ್ಧಾರ್ಥ ಹೇಳಿದ. ಎಲ್ಲರೂ ಚಪ್ಪಾಳೆ ತಟ್ಟಿದರು. ಜೀವನದಲ್ಲಿ ಮೊದಲ ಸಲ ಮಾತಾಡದೆ ಇದ್ದದ್ದಕ್ಕೆ ಚಪ್ಪಾಳೆ.

ಮಾದು ಹಿಂದೆಯೇ ಬಂದ. ‘ಗಂಟಲಲ್ಲ ಅಂತ ನಂಗೊತ್ತು. ಆಸ್ಪತ್ರೇಲಿ ಆದದ್ದು ತಾನೆ? ನನ್ತಾವ್ ಯೋಳ್ಬೇಡ ಬುಡು. ಅಕ್ಕನ್ ತಾವಾದ್ರೂ ಯೋಳು’ ಅಂದ. ಹೇಳಿದ್ದೇನೆ ಎಂದೆ. ‘ಅಂಗಾರೆ ಇನ್ಯಾಕ್ಲಾ ಮೊಕ ಇಂಗ್ ಮಾಡ್ಕಂಡಿದ್ದೀಯೆ?’ ಅಂತ ಬೀಡಿ ಕೊಟ್ಟ.

ಬಣ್ಣ ತಿಳಿಯಾಗಿದೆ, ಈಗ ಟೀ ನೀರಿನಷ್ಟು. ಇನ್ನೊಂದು ಇಲ್ಲ. ಒಂದು ಬೆಳಿಗ್ಗೆ ಇತ್ತು ಅನ್ನಿಸಿತು, ಎದ್ದು ಕೂತು ನೋಡುವಷ್ಟರಲ್ಲಿ ಇರಲಿಲ್ಲ. ಎಪ್ಪತ್ತೈದು ದಿನವಾಯಿತು. ತಾತ್ಕಾಲಿಕ ಅಂದರೆ ಎಷ್ಟು ದಿನ ಗೋವಿಂದೂ? ನಿನ್ನ ಡಿಕ್ಷನರಿಯಲ್ಲಿ ದಿನ ಬರೆದಿಲ್ಲವಾ?

ಮೇ ಆರಕ್ಕೆ ಹೋದರೆ ಲೆಕ್ಕ ಮತ್ತೆ ಒಂದರಿಂದ ಶುರು. ಹೋಗದಿದ್ದರೆ ಒಳಗೆ ಏನು ಬೆಳೆಯುತ್ತಿದೆ ಎಂದು ತಿಳಿಯದೆ ಬಾಯ್ಲರ್ ಮುಂದೆ ನಿಂತಿರಬೇಕು. ಮೀಟರ್ ಕೆಟ್ಟ ಬಾಯ್ಲರ್ ಮುಂದೆ ಯಾರೂ ನಿಲ್ಲುವುದಿಲ್ಲ, ನಾನೂ ನಿಂತವನಲ್ಲ. ಅಷ್ಟು ಗೊತ್ತು. ಆದರೂ ಕಾಲು ಬರುತ್ತಿಲ್ಲ. ಯಾರ ವಿರುದ್ಧ ಕೂಗಬೇಕೋ ಗೊತ್ತಿದ್ದರೆ ನನಗೆ ಧೈರ್ಯ ಬರುತ್ತದೆ. ಇಲ್ಲಿ ನನ್ನ ಮೈಯೇ ಆ ಕಡೆ ನಿಂತಿದೆ.

ಹೆದರಿಕೆಯಾಗುತ್ತಿದೆ. ಇದನ್ನು ನಿನಗಲ್ಲದೆ ಇನ್ನು ಯಾರಿಗೂ ಬರೆಯಲಾರೆ.

ಸಹಿ ಕೆಳಗೆ ಆ ಸಾಲು ಬರೆಯಲು ಮೂರು ಸಲ ಪೆನ್ನು ಇಟ್ಟೆ. ಬಂದು ನೀನು ಏನು ಕಾಣುತ್ತೀಯ ಎಂದು ಹೊಡೆದುಹಾಕಿದೆ. ಕೆಳಗೆ ಕಾಣುವ ಕಾಟು ಅದೇ.

ಚಾಮಯ್ಯ


ತಿ. ನರಸೀಪುರ
೨೭-೪-೨೦೦೩, ಭಾನುವಾರ

ಚಾಮಾ,

ಕಾಟು ಹಾಕಿದ್ದನ್ನು ಬೆಳಕಿಗೆ ಹಿಡಿದು ಓದಿದೆ. ‘ಮುಂದಿನ ಸ’ ವರೆಗೆ ಇದೆ. ನನಗೆ ಅಷ್ಟು ಸಾಕು, ಕರೆದ ಹಾಗೆಯೇ.

ಮಕ್ಕಳೆಲ್ಲ ಊರಿಗೆ ಹೋದರು. ಹಾಸ್ಟೆಲ್ಲಿಗೆ ಬೀಗ ಬಿದ್ದಿದೆ. ಹದಿನೈದು ದಿನ ರಜೆ ಬರೆದುಕೊಟ್ಟಿದ್ದೇನೆ, ಕಾರಣ ಎಂಬಲ್ಲಿ ‘ಗಂಡನಿಗೆ ಪ್ರಾಸ್ಟೇಟ್ ಪರೀಕ್ಷೆ’ ಎಂದು ಕನ್ನಡದಲ್ಲಿ ಸ್ಪಷ್ಟವಾಗಿ ಬರೆದೆ. ಆಫೀಸಿನ ಗುಮಾಸ್ತ ತಲೆ ತಗ್ಗಿಸಿಕೊಂಡು ಸೀಲು ಹಾಕಿದ. ಅವನಿಗೂ ಒಂದು ಪ್ರಾಸ್ಟೇಟ್ ಇದೆ.

ಮೇ ಆರು, ಮಂಗಳವಾರ, ಒಂಬತ್ತು ಗಂಟೆಗೆ ಆಸ್ಪತ್ರೆ. ಜೊತೆಗೆ ನಾನಿರುತ್ತೇನೆ. ಆ ಹಾಳೆಯ ಹನ್ನೊಂದು ಸಾಲನ್ನೂ ಯಾರಾದರೂ ಕನ್ನಡದಲ್ಲಿ ಓದಿಹೇಳುವವರೆಗೆ ನೀನು ಪೆನ್ನು ತೆಗೆಯಬೇಡ. ನೋವಿನ ಇಂಜೆಕ್ಷನ್ ಕೇಳುತ್ತೇನೆ. ತಾತ್ಕಾಲಿಕ ಅಂದರೆ ಎಷ್ಟು ದಿನ ಎಂದು ಆ ಹೆಣ್ಣುಮಕ್ಕಳ ಮುಂದೆಯೇ ಕೇಳುತ್ತೇನೆ, ನೀನು ಪಥ್ಯ ಕೇಳದೆ ಸುಮ್ಮನಿದ್ದರೆ ಸಾಕು. ಅವರು ಬೈದು ಕಳಿಸಬಹುದು. ಸಾಲಿನವರು ಬೇಗ ಬೇಗ ಎನ್ನಬಹುದು. ಓದುವುದಿಲ್ಲ, ಬೇಕಾದರೆ ಹಾಕಿ, ಇಲ್ಲದಿದ್ದರೆ ಹೋಗಿ ಎಂದರೆ ಏನು ಮಾಡುವುದು? ರಾತ್ರಿಯೆಲ್ಲ ಯೋಚಿಸಿದೆ, ತಿಳಿಯಲಿಲ್ಲ. ಬಹುಶಃ ಹಾಕುತ್ತೀಯ. ನಾನೇ ಹಾಕು ಅನ್ನುತ್ತೇನೆ. ಆ ತುಣುಕು ಅವರ ಕೈಯಲ್ಲಿದೆ, ನಮ್ಮ ಕೈಯಲ್ಲಿ ಪೆನ್ನು ಮಾತ್ರ.

ಆಮೇಲೆ ಏನು ಬರುತ್ತದೋ ಅದನ್ನು ಇಬ್ಬರೂ ಓದೋಣ.

ಅದು ಅವರು ಕೊಟ್ಟ ದಿನ. ಅದಕ್ಕೆ ಮುಂಚೆ ನಮ್ಮದೊಂದು ಇದೆ. ಚಾಪೆಯನ್ನು ಜಗಲಿಯಿಂದ ಒಳಗೆ ತಂದಿರು. ಏನೂ ಆಗಬೇಕಾಗಿಲ್ಲ. ಆಗುತ್ತದಾ ಎಂದು ನಾನೂ ನೋಡುವುದಿಲ್ಲ, ನೀನೂ ನೋಡಿಕೊಳ್ಳಬೇಡ. ನನಗೂ ಅಲ್ಲಿ ನೋವೇ. ಮಗ್ಗುಲಲ್ಲಿ ಮಲಗಿ ಕೈ ಹಿಡಿದುಕೊಂಡಿರಲು ಯಾರ ಒಪ್ಪಿಗೆ ಪತ್ರವೂ ಬೇಡ. ಜರುಗಬೇಡ, ಅಷ್ಟೇ. ಇದೊಂದು ಮಾತು ಕೊಡು.

ನಿನ್ನ
ಗೋವಿಂದಮ್ಮ

ಮುಂದಿನ ಸಭೆ: ೩-೫-೨೦೦೩, ಶನಿವಾರ, ಸಂಜೆ ಆರು ಗಂಟೆ, ನಮ್ಮ ಮನೆ.